ಇಪ್ಪತ್ತಮೂರು ಸತ್ತ ಮರಗಳಿಗೆ ಬಳಿದ ಸುಣ್ಣ

ತೆಂಗಿನ ಪರಿಹಾರದ ಕಡತವನ್ನು ಭದ್ರವಾಗಿ ಕಟ್ಟಿಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ನನ್ನ ತೋಟದಲ್ಲಿ ಇಪ್ಪತ್ತಮೂರು ತೆಂಗಿನ ಮರಗಳು ಸತ್ತು ನಿಂತಿವೆ. ಅವನ್ನು ಕಡಿಯಲು ನೀವು ಬಿಡುತ್ತಿಲ್ಲ. ಅವು ಸತ್ತಿವೆ ಎಂದು ಒಪ್ಪಲೂ ನೀವು ತಯಾರಿಲ್ಲ. ಮಾಂಬಳ್ಳಿಯ ಒಂದು ಎಕರೆಯ ರೈತನಾದ ನಾನು ಮೂರು ಅರ್ಜಿ ಕೊಟ್ಟು, ಮೂರಕ್ಕೂ ಉತ್ತರ ಕಾಣದೆ, ಈಗ ಊರಿಗೆಲ್ಲ ಕೇಳುವಂತೆ ಪತ್ರಿಕೆಗೂ ಒಂದು ಪ್ರತಿ ಕಳಿಸಿ ಬರೆಯುತ್ತಿದ್ದೇನೆ.

ಮರಗಳನ್ನು ಕೊಂದದ್ದು ಕೆಂಪುಮೂತಿ ಹುಳು. ಮರ ಹೊರಗೆ ಹಸಿರಾಗಿಯೇ ಇರುತ್ತದೆ, ಒಳಗೆ ಮರಿಹುಳುಗಳು ತಿರುಳನ್ನೆಲ್ಲ ತಿಂದು ಟೊಳ್ಳು ಮಾಡಿರುತ್ತವೆ. ಒಂದು ದಿನ ಸುಳಿ ಕಳಚಿ ನೆಲಕ್ಕೆ ಬೀಳುತ್ತದೆ, ಅಷ್ಟೇ. ಕಳೆದ ಶ್ರಾವಣದಲ್ಲಿ ನಿಮ್ಮ ಸಿಬ್ಬಂದಿ ಬಂದು ಸತ್ತ ಮರಗಳ ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಇಪ್ಪತ್ತಮೂರರವರೆಗೆ ನಂಬರು ಬರೆದರು. ಸಮೀಕ್ಷೆ ಆಗುವ ತನಕ ಒಂದು ಮರವನ್ನೂ ಮುಟ್ಟಕೂಡದು, ಮುಟ್ಟಿದರೆ ಅರ್ಜಿ ವಜಾ ಎಂದು ನನ್ನಿಂದ ಸಹಿ ಹಾಕಿಸಿಕೊಂಡರು. ಅದೇ ದಿನ, ಅದೇ ಚೀಲದಿಂದ ಒಂದು ಕರಪತ್ರವನ್ನೂ ತೆಗೆದುಕೊಟ್ಟರು. ಸತ್ತ ಮರಗಳನ್ನು ಕೂಡಲೇ ಕಡಿದು, ಸೀಳಿ, ಸುಟ್ಟುಹಾಕಿ, ಇಲ್ಲವಾದರೆ ಹುಳು ಅಲ್ಲೇ ಮರಿ ಮಾಡಿ ಪಕ್ಕದ ತೋಟಗಳಿಗೆ ಹಾರುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಸ್ವಾಮಿ, ಎರಡೂ ತಮ್ಮದೇ ಅಪ್ಪಣೆ. ಒಂದು ಚೀಲದೊಳಗೆ ಇವೆರಡೂ ಜಗಳವಾಡದೆ ಹೇಗೆ ಕೂತಿದ್ದವು? ಸಹಿ ಮಾಡಿದವನು ನಾನಾದ್ದರಿಂದ ಸಹಿಯನ್ನೇ ಪಾಲಿಸಿದೆ.

ಸಮೀಕ್ಷೆಯವರು ಗಣೇಶನ ಹಬ್ಬಕ್ಕೆ ಬರಲಿಲ್ಲ, ದಸರೆಗೂ ಬರಲಿಲ್ಲ. ಸಂಕ್ರಾಂತಿ ಬಂತು. ನಮ್ಮಲ್ಲಿ ಹಬ್ಬಕ್ಕೆ ಮನೆಗೂ ಮರಗಳ ಬುಡಕ್ಕೂ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆಯುವುದು ವಾಡಿಕೆ. ನಾನು ಯಳಂದೂರಿನ ಸಂತೆಗೆ ಹೋಗಿ ಬರುವಷ್ಟರಲ್ಲಿ ನನ್ನ ಹೆಂಡತಿ ಮಾದೇವಮ್ಮ ಕುಡುಗೋಲಿನಿಂದ ಕಾಂಡ ಹೆರೆದು, ಬದುಕಿದ ಮರಗಳ ಜೊತೆಗೆ ಸತ್ತ ಇಪ್ಪತ್ತಮೂರಕ್ಕೂ ಸುಣ್ಣ ಬಳಿದು ಮುಗಿಸಿದ್ದಳು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತೆ.

“ಅಯ್ಯೋ ನಿನ್ನ, ನಂಬರೆಲ್ಲಾ ಅಳಿಸ್ಬುಟ್ಯಲ್ಲಮ್ಮಿ!”

“ಇಪ್ಪತ್ ವರ್ಸ ಕಾಯಿ ಕೊಟ್ಟವ್ ಕಣ್ರಿ. ಅಬ್ಬದ್ ದಿವ್ಸ ಅವುನ್ನ ಮಾತ್ರ ಬರೀ ಮೈಲಿ ನಿಲ್ಸಾಕಾಯ್ತದಾ? ಸತ್ತೋರ್ಗೂ ಒಸ ಬಟ್ಟೆ ಉಡುಸ್ತೀವಲ್ಲ,” ಎಂದಳು.

ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೀವು ಬೈಯಿರಿ, ಅಧಿಕಾರ ಉಂಟು.

ಹಬ್ಬ ಕಳೆದ ಆರನೇ ದಿನ ಸಮೀಕ್ಷೆಯವರು ಬಂದರು! ಆರು ತಿಂಗಳು ಕಾಯಿಸಿದವರು ಇನ್ನು ಆರು ದಿನ ಮೊದಲು ಬಂದಿದ್ದರೆ ಏನು ಹೋಗುತ್ತಿತ್ತು? ಅವರು ತಲೆ ಎತ್ತಿ ಮರದ ತುದಿ ನೋಡಲಿಲ್ಲ, ತಲೆ ಬಗ್ಗಿಸಿ ನಂಬರು ಹುಡುಕಿದರು. “ನಂಬರಿಲ್ಲದ ಮರ ನಮ್ಮ ಲಿಸ್ಟಿಗೆ ಬರಲ್ಲ ಯಜಮಾನ್ರೇ” ಎಂದರು. ಮೊದಲು ಫೋಟೊ ತೆಗೆದವರು ವರ್ಗವಾಗಿದ್ದಾರೆ, ಫೋಟೊಗಳು ಅವರ ಫೋನಿನೊಂದಿಗೇ ಹೋಗಿವೆ. ವರದಿಯಲ್ಲಿ ಏನು ಬರೆದಿದ್ದಾರೆಂದು ಆಮೇಲೆ ನೋಡಿದೆ: “ಬುಡಗಳಿಗೆ ಸುಣ್ಣ ಬಳಿಯಲಾಗಿದ್ದು, ತೋಟದ ನಿರ್ವಹಣೆ ಉತ್ತಮವಾಗಿದೆ.” ತಲೆಯೇ ಇಲ್ಲದ ಮರಗಳ ತೋಟಕ್ಕೆ ಇಂಥ ಪ್ರಶಸ್ತಿ ಸಿಕ್ಕಿರುವುದು ಜಿಲ್ಲೆಯಲ್ಲಿ ನನಗೊಬ್ಬನಿಗೇ ಇರಬೇಕು. ಹೊಸದಾಗಿ ಅರ್ಜಿ ಹಾಕಿ, ಹೊಸ ನಂಬರು ಬರೆಸಿಕೊಳ್ಳಿ, ಅಲ್ಲಿಯವರೆಗೆ ಮರ ಮುಟ್ಟಬೇಡಿ ಎಂಬ ಆಜ್ಞೆಯೂ ಆಯಿತು.

ಹುಳು ಮಾತ್ರ ಯಾವ ನಂಬರಿಗೂ ಕಾಯಲಿಲ್ಲ. ಬೇಲಿಯ ಆಚೆ ಚಿಕ್ಕಮಾದಮ್ಮನ ಹನ್ನೊಂದು ಮರಗಳಿವೆ. ಅವಳಿಗಿರುವುದೇ ಅಷ್ಟು. ಎಳನೀರು ಕೀಳಿಸಿ ರಸ್ತೆ ಬದಿಯಲ್ಲಿ ಮಾರುತ್ತಾಳೆ, ಗರಿಯ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಾಳೆ, ಅವಳ ಮನೆಯ ಒಲೆ ಉರಿಯುವುದು ಅದರಿಂದಲೇ. ಹೋದ ಗುರುವಾರ ಬೇಲಿ ಹತ್ತಿರ ಬಂದು ಕರೆದಳು.

“ಅಣ್ಣಾ, ನಿಂಗೆ ಕಿವಿ ಸೂಕ್ಷ್ಮ. ನನ್ ಮೂರ್ನೇ ಮರ್ಕ್ ವಸಿ ಕಿವಿ ಕೊಟ್ ನೋಡು. ಒಳ್ಗ ಏನಾರ ಅದಾ?”

ಕಾಂಡಕ್ಕೆ ಕಿವಿ ಒತ್ತಿದೆ. ಕರುಂ ಕರುಂ ಎಂದು ಅಗಿಯುವ ಸದ್ದು ಕೇಳಿಸಿತು. ಇಪ್ಪತ್ತಮೂರು ಸಲ ಕೇಳಿದ ಸದ್ದು, ನನಗೆ ತಪ್ಪುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

“ಏನೂ ಕೇಳುಸ್ನಿಲ್ಲ ಕಣವ್ವ,” ಎಂದೆ.

ಸುಳ್ಳು ಹೇಳಿದೆ, ಸ್ವಾಮಿ. ನಿಮ್ಮ ಪರಿಹಾರದ ಆಸೆಗೆ ನಾನು ನಿಲ್ಲಿಸಿಕೊಂಡ ಮರಗಳಿಂದಲೇ ಆ ಹುಳು ಅವಳ ಮರಕ್ಕೆ ಹೋಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ. ಮರ ಕಡಿದರೆ ಪರಿಹಾರ ಹೋಗುತ್ತದೆ, ಹೊಸ ಸಸಿ ನೆಡುವ ಶಕ್ತಿ ನನಗಿಲ್ಲ. ಕಡಿಯದಿದ್ದರೆ ಅವಳ ಮುಖ ನೋಡುವ ಯೋಗ್ಯತೆ ನನಗಿಲ್ಲ. ನನ್ನ ಜಾಗದಲ್ಲಿ ತಾವಿದ್ದರೆ ಏನು ಮಾಡುತ್ತಿದ್ದಿರಿ? ಸುತ್ತೋಲೆ ನೋಡದೆ ಹೇಳಿ.

ನಾನು ಕೇಳುವುದು ಇಷ್ಟೇ. ಬರುವ ಸೋಮವಾರದೊಳಗೆ ಬನ್ನಿ. ನಂಬರು ಹುಡುಕಬೇಡಿ, ಮರದ ತುದಿ ನೋಡಿ. “ಕಡಿಯಿರಿ, ಪರಿಹಾರ ಉಂಟು” ಎಂದು ಒಂದು ಸಾಲು ಬರೆದುಕೊಡಿ. ಚಿಕ್ಕಮಾದಮ್ಮನ ಹನ್ನೊಂದು ಮರಗಳಿಗೆ ಔಷಧಿ ಕೊಡಿಸಿ, ಮೂರನೆಯದಿನ್ನೂ ಉಳಿದೀತು. ನೀವು ಬರಲಿಲ್ಲವೋ, ಮಂಗಳವಾರ ಗರಗಸದವರು ಬರುತ್ತಾರೆ. ಹೇಳಿಯಾಗಿದೆ. ನನ್ನ ಅರ್ಜಿಯನ್ನು ಅಂದೇ ವಜಾ ಮಾಡಿಕೊಳ್ಳಿ.

ಈ ಪತ್ರ ನಿಮ್ಮ ಮೇಜಿಗೆ ಬರುವ ಮೊದಲೇ ಊರಲ್ಲಿ ಯಾರಾದರೂ ಚಿಕ್ಕಮಾದಮ್ಮನಿಗೆ ಓದಿ ಹೇಳುತ್ತಾರೆ. ಬೇರೆಯವರ ಬಾಯಿಂದ ಅವಳು ಕೇಳುವುದು ಬೇಡ. ಇದನ್ನು ಅಂಚೆಗೆ ಹಾಕಿ, ನೇರ ಅವಳ ಮನೆ ಬಾಗಿಲಿಗೆ ಹೋಗುತ್ತೇನೆ.

ಇಂತಿ,
ಉತ್ತಮ ನಿರ್ವಹಣೆಯ ತೋಟದ ಮಾಲೀಕ,
ಪುಟ್ಟಸಿದ್ದಯ್ಯ
ಮಾಂಬಳ್ಳಿ