ಹಣ್ಣು ತೊಳೆಯಬೇಡಿ

ಕೋಡಿಗಲ್ಲು ಗುಡ್ಡ,
೨೨೪೧ನೇ ಇಸವಿ, ಎರಡನೇ ಏಪ್ರಿಲ್, ಮೂವತ್ತಮೂರನೇ ದಿನ

ಪೂಜ್ಯ ಚೌರಮ್ಮಜ್ಜಿಯವರಿಗೆ, ನಿಮ್ಮ ಮನೆಗೆ ಎಂಟನೇ ತಲೆಮಾರಿನ ಸೊಸೆಯಾಗಿ ಬಂದ ರೆಜಿನಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಮಗೆ ವರ್ಷಕ್ಕೆ ಎರಡು ಏಪ್ರಿಲ್ ತಿಂಗಳು, ದಿನಗಳೂ ಮೂವತ್ತಕ್ಕಿಂತ ಹೆಚ್ಚು. ಮಾತು ಒರಟಾಗಿ ಕಂಡರೆ ಕ್ಷಮಿಸಿ. ಊರಿನ ಶಾಲೆಯಲ್ಲಿ ಕಲಿತಷ್ಟೇ ನನ್ನ ಬರಹ. ದೇವರಿಗೆ ಕಾಲದ ಹಿಂದು ಮುಂದು ಎಂಬುದಿಲ್ಲ, ಈ ಕಾಗದವನ್ನು ನಿಮ್ಮ ಕಾಲಕ್ಕೆ ಅವನೇ ತಲುಪಿಸುತ್ತಾನೆ.

ನೀವು ಬಂಡೆಸಂದಿಯಿಂದ ತಂದು ನೆಟ್ಟ ಕಾಡುದ್ರಾಕ್ಷಿ ಈಗ ಗುಡ್ಡದ ನಲವತ್ತು ಮೆಟ್ಟಿಲು ತೋಟಗಳಲ್ಲೂ ಹಬ್ಬಿದೆ. ಬುಟ್ಟಿ ಇಳಿಸಲು ಹೊರೆಹುಳು ಇದೆ. ಹಲವು ಕಾಲಿನ ಯಂತ್ರ, ಬೆನ್ನ ಮೇಲೆ ಆರು ಬುಟ್ಟಿ ಹೊರುತ್ತದೆ. ಮೇಲಿನ ಮೂರು ಮೆಟ್ಟಿಲಿಗೆ ಮಾತ್ರ ಅದೂ ಹತ್ತದು, ನಾವೇ ಸೆರಗು ಬಿಗಿದು ಹತ್ತುತ್ತೇವೆ. ಸಕ್ಕರೆ, ಪುಡಿ ಏನನ್ನೂ ಹಾಕದೆ, ತಾನಾಗಿ ಹುಳಿಬಂದ ದ್ರಾಕ್ಷಾರಸವನ್ನು ವರ್ಷವಿಡೀ ಊರಿನ ಚರ್ಚಿನ ಬಲಿಪೂಜೆಗೆ ಕೊಡುವುದು ನಿಮ್ಮ ಕಾಲದಿಂದ ಬಂದ ಹರಕೆ.

ರಸ ಹುಳಿಬರಿಸುವ ಬಾನಿಗಳ ಕೋಣೆಯ ಗೋಡೆಯಲ್ಲಿ ನೀವು ಕೊರೆದ "ಹಣ್ಣು ತೊಳೆಯಬೇಡಿ" ಎಂಬ ಸಾಲು ಇನ್ನೂ ಇದೆ, ಕೆಳಗೆ ನಿಮ್ಮ ತಾರೀಖೂ ಇದೆ. ಈ ವರ್ಷ ಬಾನಿಯ ಕೆಲಸ ಮೊದಲ ಸಲ ನನ್ನ ಕೈಗೆ ಬಂತು. ದೇವರ ಪೀಠಕ್ಕೆ ಹೋಗುವ ಹಣ್ಣು, ಧೂಳು ಕೂತದ್ದನ್ನು ಹೇಗೆ ಹಿಂಡುವುದು? ಹಿಂದಿನವರಿಗೆ ನೀರಿಗೆ ಕಷ್ಟವಿತ್ತೇನೋ ಎಂದುಕೊಂಡೆ. ಜಪಸರ ಹೇಳುತ್ತಾ ಒಂದೊಂದು ಗೊಂಚಲನ್ನೂ ಬಿಸಿನೀರಲ್ಲಿ ತೊಳೆದು, ಹಿಂಡಿ ಬಾನಿಗೆ ತುಂಬಿದೆ.

ಐದು ದಿನವಾದರೂ ಬಾನಿ ಉಸಿರಾಡಲಿಲ್ಲ. ನೊರೆಯಿಲ್ಲ, ಸದ್ದಿಲ್ಲ. ಪೂಜೆಗೆ ಹಳೆಯ ರಸ ಒಂದೇ ಶೀಸೆ ಉಳಿದಿತ್ತು. ಅತ್ತೆ ಲೂರ್ದಮ್ಮನ ಮುಂದೆ ಕೂತು ಕಣ್ಣೀರು ಹಾಕಿದೆ. ಅವರು ನಕ್ಕುಬಿಟ್ಟರು.

"ಹಣ್ಣಿನ ಮೇಲಿರೋ ಬಿಳಿ ಬೂದಿ ಬರೀ ಧೂಳಲ್ಲ ಕಣೇ, ರಸಕ್ಕೆ ಜೀವ ಬರೋದೇ ಅದರಿಂದ. ದೇವರಿಗಿಂತ ಹೆಚ್ಚು ಮಡಿ ಆಗೋಕೆ ಹೋದೆಯಲ್ಲ, ಮಹಾತಾಯಿ!"

"ಮೊದಲೇ ಹೇಳಬಾರದಿತ್ತಾ, ಅತ್ತೆ?"

"ಗೋಡೆ ಮೇಲೆ ಬರೆದಿದ್ದನ್ನೇ ಕೇಳದವಳು ನನ್ನ ಮಾತು ಕೇಳ್ತಿದ್ಯಾ?"

ಕೊಯ್ಲಿನಲ್ಲಿ ತುದಿಮೆಟ್ಟಿಲಿನ ಒಂದು ಸಾಲನ್ನು ಹಕ್ಕಿಗಳಿಗೆ ಬಿಡುವುದೂ ನೀವು ಹಾಕಿಕೊಟ್ಟ ಪದ್ಧತಿ. ತೊಳೆಯದ ಹಣ್ಣು ಉಳಿದದ್ದು ಅಲ್ಲಿ ಮಾತ್ರ, ಮಂಡಿ ಹಿಡಿದುಕೊಂಡು ಹತ್ತಿದೆ. ಪಿಕಳಾರಗಳು ತಿಂದು ಉಳಿಸಿದ್ದು ಒಂದು ಬುಟ್ಟಿ ಸಿಕ್ಕಿತು. ಒರೆಸದೆ, ಊದದೆ, ಹಾಗೇ ಹಿಸುಕಿ ಅದೇ ಬಾನಿಗೆ ಸುರಿದೆ. ಮೂರನೇ ದಿನ ಕಿವಿಯಿಟ್ಟರೆ ಒಳಗೆ ಜೇನುಗೂಡಿನಂಥ ಸದ್ದು. ಅಲ್ಲೇ ಮೊಣಕಾಲೂರಿದೆ.

ಅಜ್ಜಿ, ಒಂದೇ ಬೇಡಿಕೆ. ಆ ಗೋಡೆಯ ಗಾರೆ ನಿಮ್ಮ ಕಾಲಕ್ಕೆ ಇನ್ನೂ ಹಸಿ. ತೊಳೆಯಬಾರದೇಕೆ ಎಂಬುದನ್ನೂ ಕೆಳಗೆ ಒಂದು ಸಾಲು ಕೊರೆಯಿರಿ. ಹಾಗೆ ಮಾಡಿದರೆ ನಾನು ಹಣ್ಣು ತೊಳೆಯುವುದೂ ಇಲ್ಲ, ಈ ಕಾಗದ ಬರೆಯುವುದೂ ಇಲ್ಲ. ನಿಮ್ಮನ್ನು ಹೀಗೆ ಮಾತಾಡಿಸುವ ಭಾಗ್ಯ ತಪ್ಪಿಹೋಗುತ್ತದೆ.

ಪರವಾಗಿಲ್ಲ. ಬರೆಯಿರಿ.

ನಿಮ್ಮ ಮನೆಯ ಸೊಸೆ,
ರೆಜಿನಮ್ಮ