ಮಾವನವರ ಮಾತಿಗೆ ನೀವಿಟ್ಟ ಷರತ್ತು

ಶಿಡ್ಲಘಟ್ಟ
೧೪ ಸೆಪ್ಟೆಂಬರ್ ೨೦೨೫

ರೀ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಕಾಗದ. ಪೂರ್ತಿ ಓದಿ.

ಪಾರ್ಶ್ವವಾಯು ಹೊಡೆದು ಮಾವನವರ ಮಾತೂ ಬಲಗೈಯೂ ಹೋದಾಗ ಆ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದುಕೊಟ್ಟವರು ನೀವೇ. ಪರದೆಯ ಮೇಲೆ ದೊಡ್ಡ ದೊಡ್ಡ ಗುಂಡಿಗಳು. ಎಡಗೈ ಬೆರಳಿನಿಂದ ‘ನೀರು’ ಒತ್ತಿದರೆ ಪೆಟ್ಟಿಗೆ ನಿಮ್ಮ ದನಿಯಲ್ಲಿ ‘ನೀರು’ ಎನ್ನುತ್ತಿತ್ತು. ಆ ದಿನ ನಿಮ್ಮ ಮೇಲೆ ಎಷ್ಟು ಹೆಮ್ಮೆಪಟ್ಟಿದ್ದೆ ಎಂದು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಕುಡುಮಲಕುಂಟೆಯ ಫ್ಯಾಕ್ಟರಿಗೆ ಹತ್ತಿರವೆಂದು ನೀವು ಗೌರಿಬಿದನೂರಿನಲ್ಲಿ ಮನೆ ಮಾಡಿದಿರಿ. ನಾನು ಇಲ್ಲಿನ ಹೈಸ್ಕೂಲಿನ ಕೆಲಸ ಬಿಟ್ಟು ಬರಲಿಲ್ಲ. ಮಾವನವರೂ ಊರು ಬಿಡಲು ಒಪ್ಪಲಿಲ್ಲ. ಸಿಟ್ಟು ಮಾಡಿಕೊಂಡು ಒಬ್ಬರೇ ಹೋದಿರಿ. ಅದು ನಮ್ಮಿಬ್ಬರ ಜಗಳ. ಕಳೆದ ತಿಂಗಳು ಪೆಟ್ಟಿಗೆಯ ಮೆಮೊರಿ ಕಾರ್ಡ್ ಕೆಟ್ಟು ಎಲ್ಲ ಅಳಿಸಿಹೋದಾಗ, ಆ ಜಗಳಕ್ಕೆ ಅವರನ್ನು ಯಾಕೆ ಎಳೆದಿರಿ?

ಏನು ಹೇಳಿದಿರಿ, ನೆನಪಿದೆಯೇ? “ಬಿಲ್ಡ್ ಮಾಡೋ ಸೆಟ್ಟಿಂಗೆಲ್ಲ ನನ್ನ ಹತ್ರ ಇದೆ. ಕಳಿಸಲ್ಲ. ಲೆಕ್ಕದ ಮೇಡಂ ಕೈಲಿ ಆಗೋ ಕೆಲಸ ಅಲ್ಲ ಕಣೇ ಅದು. ಅಪ್ಪಂಗೆ ಮಾತು ಬೇಕು ಅಂದ್ರೆ ಇಬ್ರೂ ಇಲ್ಲಿಗೆ ಬನ್ನಿ.”

ಫೋನು ಸ್ಪೀಕರಿನಲ್ಲಿತ್ತು. ಮಗನ ದನಿ ಕೇಳಲಿ ಎಂದು ನಾನೇ ಹಾಕಿದ್ದೆ. ಮಾವನವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಆಮೇಲೆ ತಟ್ಟೆ ತಂದಿಟ್ಟರೆ ಬೇಡವೆಂದು ತಲೆಯಾಡಿಸಿದರು.

ನಾವು ಬೇಕಾಗಿದ್ದರೆ ‘ಬನ್ನಿ’ ಎಂದಷ್ಟೇ ಕೇಳಬಹುದಿತ್ತಲ್ಲ? ಹೆತ್ತ ಅಪ್ಪನ ಮಾತನ್ನು ಒತ್ತೆ ಇಟ್ಟುಕೊಳ್ಳುವ ಬುದ್ಧಿ ಎಲ್ಲಿಂದ ಬಂತು?

ನಿಮ್ಮ ಪ್ರೋಗ್ರಾಮಿನ ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಅದು ಪೈಥಾನ್ ಎಂಬ ಭಾಷೆಯಲ್ಲಿದೆ. ಪರದೆಯ ಮೇಲೆ ಗುಂಡಿ ಮೂಡಿಸುವ ಲೈಬ್ರರಿ, ಅಂದರೆ ಯಾರೋ ಬರೆದಿಟ್ಟ ಸಿದ್ಧ ಕೋಡು, ಬೇರೆಯೇ ಭಾಷೆಯದು. ಒಂದರ ಮಾತು ಇನ್ನೊಂದಕ್ಕೆ ತಿಳಿಯಬೇಕಾದರೆ ನಡುವೆ ಒಂದು ಕೊಂಡಿ ಬೇಕು. ನಮ್ಮ ಹಳೇ ಪೆಟ್ಟಿಗೆಗೆ ಅದು ಸಿದ್ಧವಾಗಿ ಸಿಗುವುದಿಲ್ಲ, ಅದರ ಕೋಡು ತಂದು ಅಲ್ಲೇ ಕಟ್ಟಿಕೊಳ್ಳಬೇಕು, ಬಿಲ್ಡ್ ಅಂದರೆ ಅದೇ. ಇಷ್ಟು ತಿಳಿಯುವುದಕ್ಕೇ ನನಗೆ ಸಾಕುಸಾಕಾಯಿತು. ಮೊದಲು ಮಾಡಿದ ಬಿಲ್ಡ್ ಶುರುವಿನಲ್ಲೇ ಮುಗ್ಗರಿಸಿತು. ಪೆಟ್ಟಿಗೆಯಲ್ಲಿ ಲೈಬ್ರರಿಯ ಹೊಸದು, ಹಳೆಯದು ಎರಡೂ ಇದ್ದವು. ಅದು ಹೊಸದನ್ನೇ ಹಿಡಿದುಕೊಳ್ಳುತ್ತಿತ್ತು. ನಮ್ಮ ಪ್ರೋಗ್ರಾಮಿಗೆ ಬೇಕಾದ ಹಳೆಯದು ಎಲ್ಲಿದೆ ಎಂದು ಸೆಟ್ಟಿಂಗಿನಲ್ಲಿ ತೋರಿಸಿಕೊಟ್ಟೆ. ನಮಗೆ ಬೇಡದ ಭಾಗಗಳನ್ನು ಕೈಬಿಟ್ಟೆ. ಬೆಳಿಗ್ಗೆ ಹಚ್ಚಿ ಶಾಲೆಗೆ ಹೋದರೆ ಸಂಜೆಗೆ ಮುಗಿದಿತ್ತು.

ಗುಂಡಿಗಳು ಬಂದವು. ಮಾವನವರು ಆಸೆಯಿಂದ ‘ನೀರು’ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಬೆರಳಿನದೇ ತಪ್ಪೆಂದುಕೊಂಡು ಅದನ್ನು ಪಂಚೆಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು. ಅವರ ಕಣ್ಣು ತುಂಬಿದ್ದನ್ನು ನೋಡಿದವಳು ನಾನು. ನೀವು ನೋಡಬೇಕಿತ್ತು.

ಧ್ವನಿಯ ಲೈಬ್ರರಿ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಆ ಭಾಗವನ್ನು ಬಿಟ್ಟಿದ್ದೇನೆ ಎಂದು ಬಿಲ್ಡ್ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿತ್ತು, ನಾನು ಗಮನಿಸಿರಲಿಲ್ಲ. ಅದನ್ನು ಹಾಕಿಕೊಂಡು ಮತ್ತೆ ಮೊದಲಿನಿಂದ ಮಾಡಿದೆ.

ಕಳೆದ ಭಾನುವಾರ ಪಕ್ಕದ ಮನೆಯ ವೆಂಕಟರವಣಪ್ಪನವರು ಎಂದಿನಂತೆ ಬಂದು ಕುಳಿತು ರೇಷ್ಮೆಗೂಡಿನ ರೇಟು, ಮೊಮ್ಮಗಳ ಪರೀಕ್ಷೆ, ಮೊಣಕಾಲು ನೋವು ಎಲ್ಲ ಹೇಳಿ, “ಏನ್ ಮೇಷ್ಟ್ರೇ, ಮಾತು ಬಂತಂತೆ, ಒಂದು ಮಾತಾಡಿ ಮತ್ತೆ” ಎಂದರು. ಮಾವನವರು ಪರದೆಯನ್ನೆಲ್ಲ ನಿಧಾನವಾಗಿ ನೋಡಿ ‘ಸಾಕು’ ಒತ್ತಿದರು. ವೆಂಕಟರವಣಪ್ಪನವರು ನಕ್ಕು ನಕ್ಕು ಟವಲಿನಲ್ಲಿ ಕಣ್ಣೊರೆಸಿಕೊಂಡರು. ಮಾವನವರ ಅರ್ಧ ಮುಖ ಮಾತ್ರ ನಗಬಲ್ಲದು. ಅದರಲ್ಲೇ ಪೂರ್ತಿ ನಕ್ಕರು.

ಇನ್ನು ನಿಮ್ಮ ಸೆಟ್ಟಿಂಗು ನಿಮ್ಮ ಹತ್ತಿರವೇ ಇರಲಿ. ಷರತ್ತು ಹಾಕಲು ನಿಮ್ಮ ಕೈಯಲ್ಲಿ ಏನೂ ಉಳಿದಿಲ್ಲ. ಅಪ್ಪನನ್ನು ನೋಡಲು ಬರುವುದಾದರೆ ಬನ್ನಿ, ಬಾಗಿಲು ಹಾಕಿಲ್ಲ. ನನ್ನ ಸಿಟ್ಟು ಇಳಿದಿದೆ ಎಂದು ಮಾತ್ರ ತಿಳಿಯಬೇಡಿ.

ಇನ್ನೂ ನಿಮ್ಮ ಮನೆಯಲ್ಲೇ ಇರುವ,
ಶಾಂಭವಿ

ಮರೆತಿದ್ದೆ: ನಿಮ್ಮ ದನಿಯ ರೆಕಾರ್ಡಿಂಗೆಲ್ಲ ಅಳಿಸಿಹೋಗಿದ್ದರಿಂದ ಎಲ್ಲ ಪದಗಳನ್ನೂ ನಾನೇ ಹೇಳಿ ತುಂಬಿದ್ದೇನೆ. ಮೊದಲಿಲ್ಲದ ಒಂದು ಗುಂಡಿಯನ್ನೂ ಸೇರಿಸಿದ್ದೇನೆ: ‘ಸುಧೀಂದ್ರ’. ಮಾವನವರು ಕೇಳಿದರು ಎಂದು ಬರೆಯೋಣ ಅಂದುಕೊಂಡೆ. ಅವರು ಕೇಳಲಿಲ್ಲ. ಮದುವೆಯಾದಾಗಿನಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ, ಹೇಳುವಾಗ ನಾಲಿಗೆ ತಡವರಿಸಿತು. ಈಗ ಅವರು ಹೊತ್ತಿಲ್ಲ ಗೊತ್ತಿಲ್ಲ, ಅದನ್ನೇ ಒತ್ತುತ್ತಾರೆ. ಒತ್ತಿದಾಗಲೆಲ್ಲ ಮನೆ ತುಂಬ ನನ್ನ ದನಿ ನಿಮ್ಮನ್ನು ಕರೆಯುತ್ತದೆ.