ಕುಂಟದ ಕಾಲಿನ ಚಿತ್ರ

ಅಪ್ಪಾ,

ತಂದೆಗೆ ಬರೆಯುವಾಗ 'ತೀರ್ಥರೂಪ' ಅಂತ ಶುರುಮಾಡಬೇಕು ಎಂದು ಇಂಗ್ಲಿಷ್ ಶಾಲೆಯ ಹಾಸ್ಟೆಲ್‌ನಲ್ಲಿ ಕಲಿಸಿದ್ದರು. ಬರೆದೆ, ಹೊಡೆದುಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಒಂದು 'ಹೂಂ'ಗೆ ನನ್ನ ನಾಲಿಗೆ ಒಣಗುತ್ತೆ. ಇಂಗ್ಲಿಷಿನಲ್ಲಿ ಬರೆದರೆ 'ದೊಡ್ಡ ಮನುಷ್ಯ ಆಗ್ಬಿಟ್ಟ' ಅಂತ ಮಡಚಿಡುತ್ತೀರಿ. ಅದಕ್ಕೇ ನನಗೆ ಬರುವ ಅರೆಬರೆ ಕನ್ನಡದಲ್ಲೇ ಜಗಳ ಆಡುತ್ತೇನೆ. ಕೊನೆವರೆಗೂ ಓದಿ.

ಮೊನ್ನೆ ಕಾಲೇಜಿನ ಆಸ್ಪತ್ರೆಯಲ್ಲಿ ನಮಗೆ ಮೊದಲ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಪ್ರಾಕ್ಟಿಕಲ್. ಫಸ್ಟ್ ಇಯರ್‌ನವರು ರೋಗಿಗಳನ್ನು ಮುಟ್ಟುವ ಹಾಗಿಲ್ಲ. ಒಬ್ಬರ ಕೈಕಾಲು ಇನ್ನೊಬ್ಬರು ನೋಡಿ ಕಲಿಯಬೇಕು. "ಒಂದು ನಾರ್ಮಲ್ ಪಾದದ ಕೀಲು ಬೇಕು, ಯಾರು ಮಲಗ್ತೀರಾ?" ಅಂದರು ಮೇಡಂ. ನನಗೆ ಹಿಮೋಫಿಲಿಯಾ ಇದೆ, ರಕ್ತ ಸುಲಭಕ್ಕೆ ಹೆಪ್ಪುಗಟ್ಟಲ್ಲ, ಎಡ ಮಂಡಿ ಕೆಟ್ಟಿದೆ ಅಂತ ಕ್ಲಾಸಿಗೆಲ್ಲ ಗೊತ್ತು. ಆದರೆ ಬಲಗಾಲು? ಅದು ನೀವು ಸರ್ಟಿಫಿಕೇಟ್ ಕೊಟ್ಟ ಕಾಲು. "ನನ್ನ ರೈಟ್ ಆಂಕಲ್ ಫಸ್ಟ್ ಕ್ಲಾಸ್ ಮೇಡಂ" ಅಂತ ಹೋಗಿ ಮಲಗಿದೆ. "ಮೊದ್ಲು ಕಾಲು ತೊಳ್ಕೊಂಡು ಬಾರೋ ಮಾರಾಯ, ಮಷೀನು ಕೆಟ್ಟೀತು" ಅಂದ ರೂಮ್‌ಮೇಟ್. ಎಲ್ಲರೂ ನಕ್ಕರು.

ತಣ್ಣಗಿನ ಜೆಲ್ ಹಚ್ಚಿ ಮೇಡಂ ಮಷೀನಿನ ಹಿಡಿಕೆ, ಪ್ರೋಬ್, ಕಾಲಿನ ಮೇಲೆ ಇಟ್ಟರು. ಸ್ಕ್ರೀನಿನಲ್ಲಿ ಮೂಳೆ ಬಿಳಿ ಗೆರೆಯಾಗಿ ಕಾಣುತ್ತೆ ಅಪ್ಪಾ. ಅದರ ಮೇಲೆ, ಮೂಳೆಗೆ ಮೂಳೆ ಉಜ್ಜದಂತೆ ಕಾಯುವ ಮೃದ್ವಸ್ಥಿ, ನುಣುಪಾದ ಕಪ್ಪು ಪಟ್ಟಿ. ನನ್ನ ಕಾಲಲ್ಲಿ ಆ ಪಟ್ಟಿ ಅಲ್ಲಲ್ಲಿ ಇಲ್ಲವೇ ಇಲ್ಲ. ಬಿಳಿ ಗೆರೆ ಇಲಿ ಕಡಿದ ಅಂಚಿನ ಹಾಗಿತ್ತು. ಕೀಲಿನ ಒಳಪೊರೆ ದಪ್ಪಗೆ ಊದಿಕೊಂಡಿತ್ತು. ಮೇಡಂ ಪಾಠ ನಿಲ್ಲಿಸಿ, ಮೆಲ್ಲಗೆ, "ಇದು ಎಷ್ಟೋ ಸಲ ಒಳಗೇ ರಕ್ತ ಬಿದ್ದಿರೋ ಕೀಲು ಕಣಪ್ಪ. ಯಾರೂ ನೋಡ್ಲೇ ಇಲ್ವಾ?" ಅಂದರು. ಜೆಲ್ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟ ರೂಮ್‌ಮೇಟ್ ನನ್ನ ಮುಖ ನೋಡಲಿಲ್ಲ.

ಯಾರೂ ನೋಡಲಿಲ್ಲ ಅಂದರೆ ಸುಳ್ಳಾಗುತ್ತೆ. ನೀವು ನೋಡುತ್ತಿದ್ದಿರಿ. ಊರಿನ ಮಕ್ಕಳನ್ನೆಲ್ಲ ಓಡಿಸುವ ಪಿ.ಟಿ. ಮೇಷ್ಟ್ರು ನೀವು, ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಕೊರಳಲ್ಲಿ ಸೀಟಿ ಹಾಕಿಕೊಂಡು ಗೇಟಿನ ಹತ್ತಿರ ನಿಂತು, "ನಡಿ, ನೋಡೋಣ" ಅನ್ನುತ್ತಿದ್ದಿರಿ. ನಾನು ಬಾಗಿಲಿಂದ ನಿಮ್ಮ ತನಕ ನಡೆಯಬೇಕು. ಕುಂಟಿದರೆ ಆಸ್ಪತ್ರೆ, ಇಂಜೆಕ್ಷನ್, ನಿಮ್ಮ ಗಂಟುಮುಖ. ಕುಂಟದಿದ್ದರೆ "ಭೇಷ್, ನನ್ನ ಮಗ!" ಆ ಭೇಷ್ ಸಿಗುವಾಗ ಯಾವ ಮಗು ಕುಂಟುತ್ತೆ ಹೇಳಿ? ಹಲ್ಲು ಕಚ್ಚಿ ನೆಟ್ಟಗೆ ನಡೆಯೋದನ್ನು ನಾನು ಅಕ್ಷರಕ್ಕಿಂತ ಮುಂಚೆ ಕಲಿತೆ. ರಜೆಗೆ ಬಂದಾಗಲೂ ಬಸ್ಸಿಳಿದ ತಕ್ಷಣ ನಿಮ್ಮ ಕಣ್ಣು ಮೊದಲು ಹೋಗುತ್ತಿದ್ದದ್ದು ನನ್ನ ಕಾಲಿಗೆ. ವರ್ಷಕ್ಕೊಮ್ಮೆ ಎರಡೂ ಮೊಣಕೈ, ಮಂಡಿ, ಪಾದದ ಕೀಲು ಸ್ಕ್ಯಾನ್ ಮಾಡಿಸಿ ಅಂತ ಡಾಕ್ಟರು ಹೇಳಿದರೆ, "ನೋವಿಲ್ಲದ ಕಾಲಿಗೆ ಸ್ಕ್ಯಾನ್ ಯಾಕೆ ಸಾರ್? ನನ್ನ ಕಣ್ಣೇ ಸ್ಕ್ಯಾನರ್" ಅಂದಿರಿ. ಅಮ್ಮ ಬಾಯಿ ತೆರೆದಳು. "ನೀ ಸುಮ್ನಿರು" ಅಂದಿರಿ. ಸ್ಕ್ಯಾನಿನ ಮಾತು ಅಲ್ಲಿಗೇ ಮುಗಿಯಿತು.

ನನ್ನ ಕೀಲು ಹೋಯಿತು, ಸವೆದದ್ದು ಮತ್ತೆ ಬೆಳೆಯಲ್ಲ. ಅದೊಂದಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಿನ್ನೆ ಗುಂಡ ಫೋನ್ ಮಾಡಿದ್ದ. ನನ್ನ ಕಾಯಿಲೆಯನ್ನೇ ಹೊತ್ತು ಹುಟ್ಟಿದ ತಮ್ಮ, ಇನ್ನೂ ಒಂದನೇ ಕ್ಲಾಸು. ಪಿಸುಗುಟ್ಟಿದ: "ಅಣ್ಣಾ, ಅಪ್ಪಂಗೆ ಹೇಳ್ಬೇಡ. ಕಾಲೊಳಗೆ ಬಿಸಿಬಿಸಿ ಆಗ್ತಿದೆ. ಆದ್ರೂ ನಾನು ನಿನ್ ಥರಾನೇ ನೆಟ್ಟಗೆ ನಡೆದೆ. ಅಪ್ಪ ಭೇಷ್ ಅಂದ್ರು, ಗೊತ್ತಾ!"

ಆ ಬಿಸಿ ಅಂದರೆ ಕೀಲೊಳಗೆ ರಕ್ತ ಬೀಳುತ್ತಿದೆ ಅಂತ. ಆಗಲೇ ಅಮ್ಮನಿಗೆ ಹೇಳಿ ರಕ್ತ ಹೆಪ್ಪುಗಟ್ಟುವ ಇಂಜೆಕ್ಷನ್ ಕೊಡಿಸಿದೆ. ನೀವು ಮೈದಾನದಲ್ಲಿದ್ದಿರಿ.

ಬರುವ ಬುಧವಾರ ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ಕೀಲಿನ ಸ್ಕ್ಯಾನ್ ಇದೆ. ಗುಂಡನ ಹೆಸರು ಹೇಳಿಟ್ಟಿದ್ದೇನೆ. ಸೂಜಿ ಇಲ್ಲ, ನೋವಿಲ್ಲ, ಜೆಲ್‌ನ ಕಚಗುಳಿ ಅಷ್ಟೇ. ನೀವು ಕರೆತರದಿದ್ದರೆ ಅಮ್ಮ ಕರೆತರುತ್ತಾಳೆ. ಅವಳಿಗೆ 'ಸುಮ್ನಿರು' ಅಂದರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅಪ್ಪನನ್ನೇ ಹೆದರಿಸ್ತೀಯೇನೋ ಅಂತೀರಾ? ಹೌದು. ಈ ಸಾಲನ್ನೂ ಎರಡು ಸಲ ಹೊಡೆದುಹಾಕಿದೆ. ಆದರೂ ಹೌದು.

ಬರುವಾಗ ಸೀಟಿ ಮನೆಯಲ್ಲಿ ಬಿಟ್ಟು ಬನ್ನಿ. ಬಸ್ ಸ್ಟ್ಯಾಂಡಿನಿಂದ ಅವನನ್ನು ನಡೆಸಬೇಡಿ, ಎತ್ತಿಕೊಂಡು ಬನ್ನಿ. ಆ ಸ್ಕ್ರೀನಿನ ಮುಂದೆ ಕೂತು, ಅವನ ಕಪ್ಪು ಪಟ್ಟಿ ಇನ್ನೂ ಪೂರ್ತಿ ಇದೆಯೋ ಇಲ್ಲವೋ ನೀವೇ ನೋಡಬೇಕು. ಇದ್ದರೆ ಉಳಿಸಿಕೊಳ್ಳೋಣ. ಇಲ್ಲದಿದ್ದರೆ ಏನು ಹೇಳುತ್ತೀರೋ ಅವನಿಗೇ ಹೇಳಿ, ನನಗೆ ಬೇಡ.

ತಂದೆಗೆ ಮಗ ಆಶೀರ್ವಾದ ಬರೆಯುವ ಹಾಗಿಲ್ಲ. ಹಾಗಾಗಿ ಇದು ಗುಂಡನಿಗೆ, ನೀವೇ ಅವನಿಗೆ ಗಟ್ಟಿಯಾಗಿ ಓದಿ ಹೇಳಿ: ನೋವಾದ ದಿನ ನೀನು ಕುಂಟು, ಮರಿ. ಅಪ್ಪನ ಕಣ್ಣೆದುರಿಗೇ, ಯಾವ ಭೇಷ್‌ಗೂ ಕಾಯದೆ, ಧಾರಾಳವಾಗಿ ಕುಂಟು.

ಇಂತಿ,
ಗುಂಡನ ಅಣ್ಣ